ಐವತ್ತೊಂಬತ್ತು ಸೆಂಟಿಮೀಟರಿನ ಮರ್ಯಾದೆ

ನಮ್ಮ ಮಾವನ ಪಿಕಪ್ ಗಾಡಿಯಲ್ಲಿ ಮುಂದೆ ಎರಡು ಸೀಟುಗಳಿವೆ. ಒಂದರಲ್ಲಿ ಮಾವ ಕೂರುತ್ತಾರೆ. ಇನ್ನೊಂದರಲ್ಲಿ ಅವರ ಟೋಪಿ ಕೂರುತ್ತದೆ. ನಾನು ಹಿಂದೆ, ಮೇವಿನ ಹೊರೆಯ ಪಕ್ಕದಲ್ಲಿ ಕೂರುತ್ತೇನೆ. ಇಪ್ಪತ್ತಮೂರು ವರ್ಷಗಳಿಂದ ಈ ವ್ಯವಸ್ಥೆಯಲ್ಲಿ ಬದಲಾವಣೆಯಾಗಿಲ್ಲ. ಮೇವು ಮಾತ್ರ ಬದಲಾಗುತ್ತದೆ.

ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ನಾನು ರಸಾಯನಶಾಸ್ತ್ರದ ಪದವೀಧರ. ಊರಿನ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಅಳೆಯದೆ ಏನನ್ನೂ ಹೇಳುವವನಲ್ಲ. ಆ ಟೋಪಿಯ ಅಂಚಿನ ಈ ತುದಿಯಿಂದ ಆ ತುದಿಗೆ ಅರವತ್ತೆರಡು ಸೆಂಟಿಮೀಟರ್ (ಮುಟ್ಟುವಂತಿಲ್ಲದ್ದರಿಂದ ಸದಾ ಜೇಬಿನಲ್ಲಿರುವ ಅಳತೆಯ ಪಟ್ಟಿಯನ್ನು ಗಾಡಿಯ ಕಿಟಕಿಗೆ ಹಿಡಿದು ಅಳೆದದ್ದು). ಕುಳಿತಾಗ ನಾನು ಆಕ್ರಮಿಸುವ ಜಾಗ ನಲವತ್ತೊಂದು. ಲೆಕ್ಕದ ಪ್ರಕಾರ ಮುಂದಿನ ಸೀಟು ಅದಕ್ಕೇ ಸಲ್ಲಬೇಕು. ಆದರೆ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಹೊಟ್ಟೆ ಉರಿಯುವುದು ನಿಲ್ಲುತ್ತದೆಯೆ?

ನಾನು ಮನೆ ಅಳಿಯ. ಹೆಸರು ಎವೆರಾರ್ಡೊ. ಹುಟ್ಟಿದ್ದು ಮೆಕ್ಸಿಕೋ ನಗರದಲ್ಲಿ. ಅಲ್ಲಿ ಈ ಅಗಲಂಚಿನ ಸೊಂಬ್ರೇರೊ ಟೋಪಿಯನ್ನು ಹಾಕುವವರು ಮದುವೆಮನೆಯ ಹಾಡುಗಾರರು ಮತ್ತು ದಾರಿ ತಪ್ಪಿದ ಪ್ರವಾಸಿಗಳು. ಇಲ್ಲಿ, ಹಾಲಿಸ್ಕೊದ ಈ ಎತ್ತರದ ಸೀಮೆಯಲ್ಲಿ, ತಲೆಯಿಲ್ಲದ ಗಂಡಸನ್ನು ಹೇಗೋ ಸಹಿಸಿಕೊಳ್ಳುತ್ತಾರೆ. ಟೋಪಿಯಿಲ್ಲದವನನ್ನು ಸಹಿಸುವುದಿಲ್ಲ. ಮಾವ ದೊನ್ ಅಬುಂದಿಯೊ ಹಳೆಯ ಕಾಲದ ಚಾರ್ರೊ. ಎಂದರೆ ಕುದುರೆ ಸವಾರಿ, ಹಗ್ಗದ ಕುಣಿಕೆ, ಓಡುವ ಹೋರಿಯ ಬಾಲ ಹಿಡಿದು ಕೆಡಹುವುದು, ಇಷ್ಟನ್ನೂ ತಲೆಯ ಟೋಪಿ ಅಲುಗದಂತೆ ಮಾಡಿ ಮುಗಿಸುವ ಜಾತಿ.

ಮನೆಯ ಪಡಸಾಲೆಯ ಗೋಡೆಯಲ್ಲಿ ಮೂರು ಮರದ ಗೂಟಗಳಿವೆ. ಮೊದಲನೆಯದರಲ್ಲಿ ತೀರಿಹೋದ ಅಜ್ಜನ, ಎಂದರೆ ಮಾವನ ಅಪ್ಪನ, ತಾಳೆಗರಿಯ ಟೋಪಿ. ಎರಡನೆಯದರಲ್ಲಿ ಮಾವನದು: ಮೊಲದ ಕೂದಲಿನ ಕಪ್ಪು ಫೆಲ್ಟಿನದು, ಅಂಚಿಗೆ ಬೆಳ್ಳಿಯ ಎಳೆ, ಅವರಪ್ಪನಿಂದ ಬಂದದ್ದು. ಮೂರನೆಯದು ಭಾವಮೈದುನ ನಾಬೊರ್‌ನದು. ಮೂರು ಗೂಟ, ಮೂರು ಗಂಡಸರು. ಬಂದವರೆಲ್ಲ ಮೊದಲು ಗೂಟಗಳಿಗೆ ತಲೆ ಬಾಗಿಸಿ ಆಮೇಲೆ ಮನುಷ್ಯರನ್ನು ಮಾತಾಡಿಸುತ್ತಾರೆ. ಶಾಲೆಯ ಬೆಳ್ಳಿಹಬ್ಬಕ್ಕೆ ಕೊಟ್ಟ ನನ್ನ ನೀಲಿ ಕ್ಯಾಪು ಅಡುಗೆಮನೆ ಬಾಗಿಲಿನ ಮೊಳೆಗೆ, ಪಾತ್ರೆ ಒರೆಸುವ ಬಟ್ಟೆಯ ಜೊತೆ ನೇತಾಡುತ್ತದೆ. ಕೆಲವೊಮ್ಮೆ ಅವಸರದಲ್ಲಿ ಒಂದರ ಕೆಲಸ ಇನ್ನೊಂದಕ್ಕೆ ಬೀಳುವುದೂ ಉಂಟು.

ತಪ್ಪು ನನ್ನದೇ ಎನ್ನುತ್ತಾಳೆ ನನ್ನ ಹೆಂಡತಿ ಕುಕಾ. ಹೆಣ್ಣು ಕೇಳಲು ಬಂದ ದಿನ, ಉಪಕಾರ ಮಾಡುವ ಉತ್ಸಾಹದಲ್ಲಿ, ಕುರ್ಚಿಯ ಮೇಲಿದ್ದ ಮಾವನ ಟೋಪಿಯನ್ನು ಎತ್ತಿ ಮಂಚದ ಮೇಲಿಟ್ಟೆ. ಮಂಚದ ಮೇಲೆ ಟೋಪಿ ಎಂದರೆ ಮನೆಯಲ್ಲಿ ಸಾವು. ಅದನ್ನೂ ಅಂಚು ಕೆಳಗಾಗಿ ಇಟ್ಟಿದ್ದೆ. ಅಂಚು ಕೆಳಗಾದರೆ ಟೋಪಿಯ ಆಕಾರಕ್ಕೇ ಸಾವು. ಒಂದೇ ಕ್ರಿಯೆಯಲ್ಲಿ ಎರಡು ಕೊಲೆ. ಹುಡುಗಿಯನ್ನು ಕೊಟ್ಟರು, ಗೂಟ ಕೊಡಲಿಲ್ಲ. ಅಂದಿನಿಂದ ನಾನು ಅವರಿಗೆ "ಮೇಷ್ಟ್ರು". ಕುದುರೆಯನ್ನು "ಮಗನೇ" ಎನ್ನುತ್ತಾರೆ.

ಈ ವರ್ಷ ಏಪ್ರಿಲ್ ಕೊನೆಯ ಭಾನುವಾರ ಊಟಕ್ಕೆ ಕೂತಿದ್ದೆವು. ಮಾವ ಮಾಂಸದ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಈ ಸಲ ನಾನು ಕುದುರೆ ಹತ್ತಲ್ಲ. ಸೊಂಟ ಕೇಳಲ್ಲ. ಸಂತ ಇಸಿದ್ರೊ ಹಬ್ಬದ ದಿನ ಟೋಪಿ ಬೇರೆ ತಲೆಗೆ ಹೋಗ್ಬೇಕು."

ನಾಬೊರ್ ತಲೆಗೂದಲು ಸವರಿಕೊಂಡ.

"ನೀನು ಸವರ್ಕೋಬೇಡ," ಎಂದರು ಮಾವ. "ಹೋದ ವರ್ಷ ಪಂದ್ಯದಲ್ಲಿ ನಿನ್ನ ಟೋಪಿ ಎಲ್ಲಿತ್ತು?"

"ನೆಲದ ಮೇಲೆ, ಅಪ್ಪಾ."

"ಹೋರಿ ಎಲ್ಲಿತ್ತು?"

"ಅದೂ ನೆಲದ ಮೇಲೇ ಇತ್ತು. ನಾನೇ ಕೆಡವಿದ್ದು."

"ಹೋರಿ ಬಿದ್ದದ್ದಕ್ಕೆ ಬಂದ ಅಂಕ ಟೋಪಿ ಬಿದ್ದದ್ದಕ್ಕೆ ಹೋಯ್ತು. ಮೇಲಿಂದ ಅದನ್ನ ಆ ಹೋರಿನೇ ತುಳೀತು. ಊರೆಲ್ಲ ನೋಡ್ತು. ಟೋಪಿ ನಿಲ್ಲದ ತಲೆಗೆ ನಾನು ಕೊಡಲ್ಲ. ಮೇಷ್ಟ್ರಿಗೆ ಕೊಡ್ತೀನಿ."

"ಯಾವ ಮೇಷ್ಟ್ರಿಗೆ?" ಎಂದು ಕೇಳಿದೆ.

ಕುಕಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನೋವಾಯಿತು. ಆದ್ದರಿಂದ ಅದು ನಾನೇ ಎಂದು ತಿಳಿಯಿತು. (ಟೋಪಿ ಹಾಕಿಸಿಕೊಳ್ಳಲು ಇಪ್ಪತ್ತಮೂರು ವರ್ಷ ಕಾದು ಕೂತ ಮನುಷ್ಯ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.)

ಇಲ್ಲಿ ಒಂದು ಕಟ್ಟಳೆ ಇದೆ. ಹಿರಿಯರು ಸಂತನ ಮೆರವಣಿಗೆ ಮುಗಿದ ಮೇಲೆ, ಇಗರ್ಜಿಯ ಮುಂದಿನ ಚೌಕದಲ್ಲಿ, ಊರಿನೆದುರು ತಮ್ಮ ಕೈಯಾರೆ ಟೋಪಿ ಇಡಬೇಕು. ಅಲ್ಲಿಯತನಕ ಅದನ್ನು ಒಮ್ಮೆಯೂ ತಲೆಗೆ ತಾಗಿಸುವಂತಿಲ್ಲ. ಬದುಕಿರುವವನ ಟೋಪಿ ಹಾಕಿ ನೋಡುವುದೆಂದರೆ ಅವನು ಬೇಗ ಹೋಗಲಿ ಎಂದಂತೆ. ಮೊದಲ ದಿನದ ಮಂಚದ ಕಳಂಕ ಹೊತ್ತ ನಾನು ಈ ಕಟ್ಟಳೆಯನ್ನು ಮುರಿಯುವುದು ಸಾಧ್ಯವೇ ಇರಲಿಲ್ಲ. ಹಾಕಿ ನೋಡಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಹಾಕಲಿಲ್ಲ, ಆದರೆ ಬಗ್ಗಿ ನೋಡಿದೆ. ಹಬ್ಬಕ್ಕೆ ಒಂಬತ್ತು ದಿನವಿದ್ದಾಗ, ಟೋಪಿ ಕುರ್ಚಿಯ ಮೇಲೆ ಮಗುಚಿಕೊಂಡು ಕೂತಿದ್ದ ಹೊತ್ತು. ಒಳಗಿನ ಚರ್ಮದ ಪಟ್ಟಿಯ ಮೇಲೆ ಮಾಸಿದ ಚಿನ್ನದ ಅಂಕಿ: ೫೯. ಎಂದರೆ ಐವತ್ತೊಂಬತ್ತು ಸೆಂಟಿಮೀಟರ್ ಸುತ್ತಳತೆಯ ತಲೆಗೆ. ನನ್ನ ತಲೆ, ಕಾಲೇಜಿನಿಂದ ಇಂದಿನವರೆಗೆ, ಐವತ್ತೈದು.

ವ್ಯತ್ಯಾಸ ನಾಲ್ಕು. ಅದನ್ನು ಎರಡು ಪೈಯಿಂದ ಭಾಗಿಸಿದರೆ ತಲೆಯ ಸುತ್ತ ಆರು ಮಿಲಿಮೀಟರಿಗಿಂತ ಚೂರು ಹೆಚ್ಚು ಖಾಲಿ. ನಿಮಗೆ ಆರು ಮಿಲಿಮೀಟರ್ ಏನೂ ಅನ್ನಿಸಲಿಕ್ಕಿಲ್ಲ. ಟೋಪಿ ಹುಬ್ಬು ದಾಟಿ ಮೂಗಿನವರೆಗೆ ಇಳಿಯಲು ಅಷ್ಟು ಸಾಕು. ಊರಿನೆದುರು, ಮಕ್ಕಳೆದುರು, ನಾಳೆ ನಾನು ಪಾಠ ಹೇಳಬೇಕಾದ ನೂರನಲವತ್ತು ಮಕ್ಕಳೆದುರು, ಅಬುಂದಿಯೊ ಮನೆತನದ ಟೋಪಿಯೊಳಗೆ ಮೇಷ್ಟ್ರು ಮುಳುಗಿಹೋದರು ಎಂದಾಗುತ್ತದೆ. ಗೂಟ ಕೈತಪ್ಪುವುದು ಹಾಗಿರಲಿ, ಅಡುಗೆಮನೆಯ ಮೊಳೆಯೂ ಉಳಿಯುವ ಹಾಗಿರಲಿಲ್ಲ.

"ಕುಕಾ, ಟೋಪಿ ಐವತ್ತೊಂಬತ್ತು. ನಾನು ಐವತ್ತೈದು."

"ನೀನು ಐವತ್ತೆರಡು," ಎಂದಳು ಈರುಳ್ಳಿ ಹೆಚ್ಚುತ್ತ.

"ವಯಸ್ಸಲ್ಲ, ತಲೆ!"

"ಅಪ್ಪನಿಗೆ ಬಿಡು. ಅವರಿಗೆ ಗೊತ್ತಿದೆ."

"ಅವರಿಗೆ ನನ್ನ ತಲೆ ಬಗ್ಗೆ ಏನು ಗೊತ್ತು?"

"ಮನೇಲಿ ಎಲ್ಲರಿಗೂ ಗೊತ್ತಿರೋವಷ್ಟು. ಸುಮ್ನೆ ಇರು, ಎವೆರಾರ್ಡೊ. ಒಂದ್ಸಲ, ಒಂದೇ ಒಂದ್ಸಲ, ಏನೂ ಮಾಡದೆ ಇರು."

ಆ ವಾರ ಕುಕಾಳ ನಡವಳಿಕೆ ವಿಚಿತ್ರವಾಗಿಯೇ ಇತ್ತು. ಅದಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ ಆರಾಮಕುರ್ಚಿಯಲ್ಲಿ ನಿದ್ದೆ ಹೋಗಿದ್ದವನಿಗೆ ಹಣೆಯ ಸುತ್ತ ಏನೋ ಹರಿದಂತಾಗಿ ಕಣ್ಣುಬಿಟ್ಟಿದ್ದೆ. ಕೈಯಲ್ಲಿ ಕೆಂಪು ರಿಬ್ಬನ್ ಹಿಡಿದು ನಿಂತಿದ್ದಳು. "ನೊಣ ಇತ್ತು," ಎಂದಿದ್ದಳು. ರಿಬ್ಬನ್ನಿನಿಂದ ನೊಣ ಓಡಿಸುವವರನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಆದರೂ ಕಾರಣ ಕೇಳಲಿಲ್ಲ. ವಿಜ್ಞಾನಿಗೆ ಇದು ಶೋಭಿಸುವುದಿಲ್ಲ. ಗಂಡನಿಗೆ ಶೋಭಿಸುತ್ತದೆ.

ನಾಬೊರ್‌ನನ್ನು ಕೇಳಿದೆ.

"ಅಷ್ಟೇನಾ ಭಾವ? ಚರ್ಮದ ಹಿಂದೆ ಪೇಪರ್ ಮಡಿಸಿ ತುರುಕಿ. ಊರಲ್ಲಿ ಅರ್ಧ ಜನ ತಲೇಲಿ ಪೇಪರ್ ಇಟ್ಕೊಂಡೇ ಓಡಾಡ್ತಾರೆ."

"ಮಾವನಿಗೆ ಗೊತ್ತಾದ್ರೆ?"

"ಹಾಂ, ಅಪ್ಪ ಅಂಥವರನ್ನ ಕಾಗದದ ಗಂಡಸು ಅಂತಾರೆ," ಎಂದು ನಕ್ಕ.

ಟೋಪಿ ರಿಪೇರಿಯ ದೊನ್ ಸೆಫೆರಿನೊನ ಅಂಗಡಿಗೆ ಹೋಗಬಹುದಿತ್ತು. ಆದರೆ ಆ ಅಂಗಡಿಯ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಊರು ಕೂತಿರುತ್ತದೆ. ನಾನು ಕೇಳಿದ ಪ್ರಶ್ನೆ ನನಗಿಂತ ಮೊದಲು ಮನೆಗೆ ಹೋಗುತ್ತಿತ್ತು. ಹಾಗಾಗಿ ಕೇಳಲಿಲ್ಲ. ಇದನ್ನೂ ನೆನಪಿಡಿ, ನನ್ನನ್ನು ಬೈಯಲು ಅನುಕೂಲವಾಗುತ್ತದೆ.

ಉಳಿದದ್ದು ವಿಜ್ಞಾನ. ಫೆಲ್ಟ್ ಎಂದರೆ ಒಂದಕ್ಕೊಂದು ಸಿಕ್ಕಿಕೊಂಡ ಕೂದಲು. ಪ್ರತಿ ಕೂದಲಿನ ಮೈಮೇಲೂ ಹೆಂಚಿನಂಥ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು ತಾಗಿ, ಸ್ವಲ್ಪ ತಿಕ್ಕಾಟವಾದರೆ ಅವು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಟೋಪಿ ಕುಗ್ಗುತ್ತದೆ. ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಗೊತ್ತಾದರೆ ಎಷ್ಟು ಕುಗ್ಗಬೇಕೆಂಬುದು ನಮ್ಮ ಕೈಯಲ್ಲಿದೆ. ಹೋದ ವರ್ಷ ಹೋರಿ ತುಳಿದ ನಾಬೊರ್‌ನ ಹಳೆಯ ಟೋಪಿ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದೂ ಮೊಲದ ಕೂದಲಿನದೇ. ಹನ್ನೆರಡು ತುಂಡು ಮಾಡಿ, ಸಂಖ್ಯೆ ಬರೆದು, ಶಾಲೆಯ ಪ್ರಯೋಗಾಲಯದಲ್ಲಿ ಮೂರು ದಿನ ಅಳೆದೆ. ಉತ್ತರ ಬಂತು: ಎಂಬತ್ತೆರಡು ಡಿಗ್ರಿ, ಏಳು ನಿಮಿಷ, ಮೂರು ಸಲ. ಕುಗ್ಗುವುದು ನೂರಕ್ಕೆ ಆರು ಪಾಯಿಂಟ್ ಎಂಟು. ಐವತ್ತೊಂಬತ್ತು ಅಷ್ಟು ಕುಗ್ಗಿದರೆ ಐವತ್ತೈದು. ಆ ಸಂಜೆ ನಾನು ಒಬ್ಬನೇ ಲ್ಯಾಬಿನಲ್ಲಿ ನಿಂತು ಸ್ವಲ್ಪ ಶಿಳ್ಳೆ ಹಾಕಿದೆ.

ಹಬ್ಬಕ್ಕೆ ಐದು ದಿನ ಇರುವಾಗ ಭಾನುವಾರ ಬಂತು. ಹೊಟ್ಟೆನೋವೆಂದು ಮಲಗಿದೆ. ಎಲ್ಲರೂ ಇಗರ್ಜಿಯ ಹನ್ನೊಂದರ ಪೂಜೆಗೆ, ಅಲ್ಲಿಂದ ಸಂತೆಗೆ ಹೋದರು; ಸಂಜೆಯತನಕ ಬರುವವರಲ್ಲ. ಹಬ್ಬದತನಕ ಹಾಕುವುದಿಲ್ಲವೆಂದು ಮಾವ ಗೂಟದಲ್ಲೇ ಬಿಟ್ಟುಹೋಗಿದ್ದ ಟೋಪಿಯನ್ನು ಇಳಿಸಿದೆ. ಅಂಚಿಗೆ ಒಣ ಟವೆಲ್ ಸುತ್ತಿ, ಚರ್ಮದ ಪಟ್ಟಿಯ ಹೊಲಿಗೆ ಬಿಚ್ಚಿ ತೆಗೆದು, ಬುರುಡೆಯ ಭಾಗವನ್ನು ಮಾತ್ರ ಅತ್ತೆಯ ಕಾಲದ ಬೀನ್ಸ್ ಬೇಯಿಸುವ ಮಡಕೆಯಲ್ಲಿ ಮುಳುಗಿಸಿದೆ. ಎಂಬತ್ತೆರಡು ಡಿಗ್ರಿ. ಏಳು ನಿಮಿಷ. ಮೂರು ಸಲ. ಆಮೇಲೆ ಮಾಳಿಗೆಯ ಮೇಲೆ ಮೇ ತಿಂಗಳ ಬಿಸಿಲಿಗಿಟ್ಟೆ. ಒಣಗಿದ ಮೇಲೆ ಒಳಗೆ ಅಳತೆಯ ಪಟ್ಟಿ ಹಿಡಿದು ಅಳೆದೆ.

ಐವತ್ತೊಂದು ಪಾಯಿಂಟ್ ಮೂರು.

ಪಟ್ಟಿ ತಿರುವುಮುರುವಾಗಿ ಹಿಡಿದಿರಬೇಕೆಂದು ಮತ್ತೆ ಅಳೆದೆ. ಐವತ್ತೊಂದು ಪಾಯಿಂಟ್ ಮೂರು. ನನ್ನ ತಲೆಯನ್ನು ಅಳೆದೆ. ಗಾಬರಿಯಲ್ಲಿ ಅದಾದರೂ ಕುಗ್ಗಿರಬಹುದೆಂಬ ಆಸೆ. ಐವತ್ತೈದೇ. ಶಾಲೆಯ ಫುಟ್‌ಬಾಲ್‌ನ ರಬ್ಬರ್ ಚೀಲವನ್ನು ಟೋಪಿಯೊಳಗಿಟ್ಟು ಗಾಳಿ ತುಂಬಿದೆ. ಚೀಲ ಸಿಡಿಯಿತು. ಟೋಪಿ ಮಿಸುಕಲಿಲ್ಲ. ಒಮ್ಮೆ ಕಚ್ಚಿಕೊಂಡ ಕೂದಲು ಇನ್ನೊಂದಕ್ಕೆ ಜಾಗ ಬಿಡುವುದಿಲ್ಲ (ನಮ್ಮ ಮಾವನ ಮನೆತನದಂತೆ). ಪೂಜೆಯಿಂದ ಗಾಡಿ ಬಂದ ಸದ್ದಾಯಿತು. ಚರ್ಮದ ಪಟ್ಟಿಯನ್ನು ಹೇಗೋ ಮಡಿಸಿ ಟಾಕು ಹಾಕಿ, ಟೋಪಿಯನ್ನು ಗೂಟಕ್ಕೆ ತೂಗುಹಾಕಿ, ಮಲಗಿದೆ. ಈ ಸಲ ನಿಜವಾಗಿಯೂ ಹೊಟ್ಟೆನೋವಿತ್ತು.

ಆ ಐದು ದಿನ ನಾನು ಮಾಡಿದ್ದು ಒಂದೇ ಕೆಲಸ: ನೋಟುಪುಸ್ತಕದಲ್ಲಿ ತಪ್ಪು ಹುಡುಕಿದ್ದು. ಹನ್ನೆರಡು ತುಂಡುಗಳ ಅಳತೆ ಮತ್ತೆ ನೋಡಿದೆ. ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸಿದೆ. ಗಡಿಯಾರವನ್ನು ರೇಡಿಯೋ ಸಮಯಕ್ಕೆ ಹೋಲಿಸಿದೆ. ತಪ್ಪು ಸಿಗಲಿಲ್ಲ. ಮಾವನ ಕಣ್ಣಿಗೆ ಪೊರೆ ಬಂದಿದೆ. ಅವರು ದಿನಾ ಟೋಪಿಯ ಅಂಚನ್ನು ಬ್ರಷ್ಷಿನಿಂದ ಸವರಿ ಮತ್ತೆ ಗೂಟಕ್ಕಿಡುತ್ತಿದ್ದರು. ಏನೂ ಗಮನಿಸಲಿಲ್ಲ.

"ಯಾಕೆ ಊಟ ಸೇರ್ತಿಲ್ಲ?" ಎಂದಳು ಕುಕಾ.

"ಸಂತೋಷಕ್ಕೆ," ಎಂದೆ.

ಅವಳು ನನ್ನ ಕೆನ್ನೆ ತಟ್ಟಿದಳು. ಹೇಳಿಬಿಡಬೇಕಾದದ್ದು ಆಗಲೇ. ನಾನು ನೋಟುಪುಸ್ತಕಕ್ಕೆ ಮರಳಿದೆ.

ಹಬ್ಬ ಬಂತು. ಸಂತ ಇಸಿದ್ರೊ ಉಳುವವರ ಸಂತ. ಮಳೆ ಕೊಡುವವನು. ಮರದ ವಿಗ್ರಹ, ಪಕ್ಕದಲ್ಲಿ ಎರಡು ಪುಟ್ಟ ಎತ್ತು, ತಲೆಯ ಮೇಲೆ ಒಂದು ತಾಳೆಗರಿ ಟೋಪಿ. ಅದನ್ನು ಹೋದ ವರ್ಷವೇ ಇಲಿಗಳು ಮುಕ್ಕಾಲು ತಿಂದಿದ್ದವು. ಸಂತನೆದುರು ಗಂಡಸರಾರೂ ಟೋಪಿ ಹಾಕುವಂತಿಲ್ಲ. ತೆಗೆದು ಎದೆಗೊತ್ತಿಕೊಂಡು ನಡೆಯಬೇಕು. ಇನ್ನೂರು ಗಂಡಸರು ಇನ್ನೂರು ಟೋಪಿಗಳನ್ನು ಎದೆಗೊತ್ತಿಕೊಂಡು ನಡೆದರು. ನಾನು ಎದೆಗೆ ಬರೀ ಕೈ ಒತ್ತಿಕೊಂಡು ನಡೆದೆ. ಹೃದಯ ಹಾರಿಬೀಳದಂತೆ ಹಿಡಿದುಕೊಂಡವನಂತೆ ಕಂಡಿರಬೇಕು. ಕಂಡದ್ದು ಸರಿಯಾಗಿಯೇ ಇತ್ತು.

ವಿಗ್ರಹವನ್ನು ಮೆಟ್ಟಿಲ ಮೇಲಿಟ್ಟರು. ಮಾವ ಚೌಕದ ನಡುವೆ ಬಂದು ನಿಂತರು. ಕೋಲು ನಾಬೊರ್‌ಗೆ ಕೊಟ್ಟು ಎರಡೂ ಕೈಯಲ್ಲಿ ಟೋಪಿ ಎತ್ತಿ ಹಿಡಿದರು.

"ಇದನ್ನ ನನ್ನಪ್ಪ ಇದೇ ಜಾಗದಲ್ಲಿ ನನಗಿಟ್ಟ. ಇವತ್ತು ನನ್ನ ಮನೆ ಗಂಡಸಿಗೆ ನಾನು ಇಡ್ತೀನಿ."

ನನ್ನ ಮನೆ ಗಂಡಸು. ಇಪ್ಪತ್ತಮೂರು ವರ್ಷ ಕಾದ ಮಾತು. ಅದು ಕಿವಿಗೆ ಬಿದ್ದಾಗ ನಾನು ಯೋಚಿಸುತ್ತಿದ್ದದ್ದು ಮೂರು ಪಾಯಿಂಟ್ ಏಳು ಸೆಂಟಿಮೀಟರ್ ಬಗ್ಗೆ.

ತಲೆ ಬಾಗಿಸಿದೆ. ಟೋಪಿ ಇಟ್ಟರು. ಅದು ಕಲ್ಲಂಗಡಿಯ ಮೇಲೆ ಪಾರಿವಾಳ ಕೂತಂತೆ ಕೂತಿತು. ಮಾವ ಒತ್ತಿದರು. ಕೂರಲಿಲ್ಲ. ಇನ್ನೊಮ್ಮೆ ಒತ್ತಿದರು. ನನ್ನ ಮೊಣಕಾಲು ಬಾಗಿತೇ ಹೊರತು ಟೋಪಿ ಇಳಿಯಲಿಲ್ಲ. ಆಗ ಮೇ ತಿಂಗಳ ಒಣಗಾಳಿ ಬೀಸಿತು. ಅರವತ್ತೆರಡು ಸೆಂಟಿಮೀಟರಿನ ಅಂಚು ಗಾಳಿ ತುಂಬಿಕೊಂಡು, ಮೇಲೆದ್ದು, ನೆಲಕ್ಕಿಳಿದು, ಬಂಡಿಯ ಗಾಲಿಯಂತೆ ಚೌಕದ ತುಂಬ ಉರುಳಿತು. ನಾಬೊರ್ ಓಡಿಹೋಗಿ ಹಿಡಿದು ತಂದ. ಅವನ ಮುಖದಲ್ಲಿ ಒಂದು ವರ್ಷದ ಬಾಕಿ ನಗುವಿತ್ತು.

"ನಾನಾದ್ರೂ ಹೋರಿ ಎಳೀವಾಗ ಬೀಳಿಸಿದೆ, ಭಾವ. ನೀವು ನಿಂತಲ್ಲೇ ಬೀಳಿಸಿದ್ರಿ!"

ಊರು ನಕ್ಕಿತು. ಮಾವ ನಗಲಿಲ್ಲ. ಗುಂಪಿನ ಕಡೆ ತಿರುಗಿದರು.

"ಸೆಫೆರಿನೊ! ಇಲ್ಲಿ ಬಾ. ಐವತ್ತೈದಕ್ಕೆ ಮಾಡು ಅಂದಿದ್ನಲ್ಲ?"

ಐವತ್ತೈದಕ್ಕೆ?

ಟೋಪಿ ರಿಪೇರಿಯ ಮುದುಕ ಮುಂದೆ ಬಂದ. "ಐವತ್ತೈದೇ ಮಾಡಿದ್ದು, ದೊನ್ ಅಬುಂದಿಯೊ. ಕುಕಾ ರಿಬ್ಬನ್‌ನಲ್ಲಿ ತಂದುಕೊಟ್ಟ ಅಳತೆಗೆ, ಮೇಷ್ಟ್ರು ಶಾಲೆಗೆ ಹೋದ ಹೊತ್ತಲ್ಲಿ, ಅಚ್ಚಿಗೆ ಹಾಕಿ ಇಳಿಸಿದೆ. ಚರ್ಮದ ಪಟ್ಟಿ ಬದಲಿಸೋಣ ಅಂದ್ರೆ ನೀವೇ ಬೇಡ ಅಂದ್ರಿ, ನಮ್ಮಪ್ಪನ ಬೆವರಿದೆ ಅಂತ. ಅದನ್ನೇ ಕತ್ತರಿಸಿ ಹೊಲಿದೆ."

ಚರ್ಮ ಹಳೆಯದೇ. ಆದ್ದರಿಂದ ಅಂಕಿಯೂ ಹಳೆಯದೇ. "ಬಾಟಲಿಯ ಚೀಟಿ ನಂಬಬೇಡಿ, ಒಳಗಿರುವುದನ್ನು ಪರೀಕ್ಷಿಸಿ" ಎಂದು ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿದವನು ನಾನು. ಕಿಟಕಿಯಾಚೆಯಿಂದ ಅಂಚು ಅಳೆದವನು ನಾನು. ಹನ್ನೆರಡು ಚೂರು ಫೆಲ್ಟ್ ಅಳೆದವನು. ನೀರಿಗಿಳಿಸುವ ಮುಂಚೆ ಟೋಪಿಯೊಳಗೆ ಒಂದು ಸಲ ಪಟ್ಟಿ ಹಿಡಿಯಲಿಲ್ಲ. ಐವತ್ತೈದನ್ನು ನೂರಕ್ಕೆ ಆರು ಪಾಯಿಂಟ್ ಎಂಟರಷ್ಟು ಕುಗ್ಗಿಸಿದರೆ ಐವತ್ತೊಂದು ಪಾಯಿಂಟ್ ಮೂರು. ಪ್ರಯೋಗದಲ್ಲಿ ಒಂದು ಮಿಲಿಮೀಟರ್ ತಪ್ಪೂ ಇರಲಿಲ್ಲ.

"ಐವತ್ತು ವರ್ಷದ ಕಸುಬು ನಿಂದು," ಎನ್ನುತ್ತಿದ್ದರು ಮಾವ, ಧ್ವನಿ ಏರಿಸದೆಯೇ. "ನನ್ನ ಕಣ್ಣಿಗೆ ಪೊರೆ ಬಂದಿದೆ, ಸರಿ. ನಿನ್ನ ಕಣ್ಣಿಗೆ ಏನು ಬಂದಿದೆ, ಸೆಫೆರಿನೊ?"

ಮುದುಕ ತನ್ನ ಕೈಗಳನ್ನೇ ನೋಡಿಕೊಂಡ. ಊರು ಅವನ ಕೈಗಳನ್ನು ನೋಡಿತು. ಇನ್ನು ಎರಡು ನಿಮಿಷ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಅಂಗಡಿಯ ಹೆಸರು ಹೋಗಿ ನನ್ನ ಹೆಸರು ಉಳಿಯುತ್ತಿತ್ತು. ಎರಡು ನಿಮಿಷ ಎಂದದ್ದು ಅಂದಾಜು. ಅಂದು ಗಡಿಯಾರ ನೋಡಿಕೊಳ್ಳಲಿಲ್ಲ.

"ಅವರದ್ದೇನೂ ತಪ್ಪಿಲ್ಲ, ಮಾವ. ನಾನು ಅದನ್ನ ಬಿಸಿನೀರಿಗೆ ಹಾಕಿದೆ."

"ಏನನ್ನ?"

"ಟೋಪಿಯನ್ನ. ಎಂಬತ್ತೆರಡು ಡಿಗ್ರಿ."

"ಎಷ್ಟು ಹೊತ್ತು?"

"ಏಳು ನಿಮಿಷ. ಮೂರು ಸಲ. ಒಳಗೆ ಐವತ್ತೊಂಬತ್ತು ಅಂತ ಬರೆದಿತ್ತು…"

ಮಾವ ಮೆಟ್ಟಿಲ ಮೇಲೆ ನಿಧಾನಕ್ಕೆ ಕೂತರು. "ಬೀನ್ಸ್ ಬೇಯಿಸೋಕೆ ಮುಂಚೆನೂ ಯಾರನ್ನಾದ್ರೂ ಒಂದು ಮಾತು ಕೇಳ್ತಾರೆ, ಮೇಷ್ಟ್ರೇ. ನನ್ನ ಕೇಳಬಾರದಿತ್ತಾ?"

ಇಪ್ಪತ್ತಮೂರು ವರ್ಷದಲ್ಲಿ ನಿಮ್ಮನ್ನು ಏನಾದರೂ ಕೇಳಬಹುದೆಂದು ನನಗೆ ಯಾವಾಗ ಅನ್ನಿಸಿತ್ತು ಎಂದು ಹೇಳಬೇಕೆನ್ನಿಸಿತು. ಕುಕಾ ಪಕ್ಕದಲ್ಲಿ ಬಂದು ನಿಂತು, ಕಣ್ಣೊರೆಸಿಕೊಳ್ಳುತ್ತ, ಹಲ್ಲು ಕಚ್ಚಿ ಹೇಳಿದಳು: "ನಿನಗೆ ಗೊತ್ತಾಗ್ದೆ ಮಾಡ್ಬೇಕು, ಖುಷಿಪಡ್ಲಿ ಅಂತ ಅಪ್ಪ ಆಣೆ ಹಾಕಿಸ್ಕೊಂಡಿದ್ರು. ಸುಮ್ನೆ ಇರು ಅಂದ್ನೋ ಇಲ್ವೋ?"

ಅಂದಿದ್ದಳು.

ಮಾವ ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. ಮನೆಯಲ್ಲಿ ಯಾರ ತಲೆಗೂ ಇನ್ನದು ಆಗುವುದಿಲ್ಲ. ಆಮೇಲೆ ಎದ್ದು, ಸಂತ ಇಸಿದ್ರೊನ ಬಳಿ ಹೋಗಿ, ಇಲಿ ತಿಂದ ಗರಿಟೋಪಿಯನ್ನು ತೆಗೆದು ಇದನ್ನು ಇಟ್ಟರು. ಸಂತನ ತಲೆಗೆ ಅದು ಹೇಳಿ ಮಾಡಿಸಿದಂತೆ ಕೂತಿತು. ಗಾಳಿ ಬೀಸಿತು. ಅಲುಗಲಿಲ್ಲ. ಚೌಕದ ತುಂಬ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಪಾದ್ರಿಗಳು ಮೆಟ್ಟಿಲೇರಿ, ಟೋಪಿ ತನಗೇ ಬೇಕೆಂದು ಸಂತನೇ ಅದನ್ನು ಕುಗ್ಗಿಸಿಕೊಂಡನೆಂದು ಸಾರಿದರು. ಮೂರು ದಿನ ಲ್ಯಾಬಿನಲ್ಲಿ ನಾನು ಪಟ್ಟ ಪಾಡು ಹೀಗೆ ಪವಾಡದ ಲೆಕ್ಕಕ್ಕೆ ಹೋಯಿತು. (ಮರುವಾರ ಯಾರೂ ಇಲ್ಲದಾಗ ಸಂತನ ತಲೆ ಅಳೆದೆ. ಐವತ್ತೊಂದು ಪಾಯಿಂಟ್ ಎರಡು. ಒಂದು ಮಿಲಿಮೀಟರ್ ಗಾಳಿಯಾಡಲು ಬೇಕು.)

ಹೀಗಾಗಿ ಇನ್ನು ಮುಂದೆ ಪ್ರತಿ ಮೇ ಹದಿನೈದಕ್ಕೆ, ನೆತ್ತಿ ಸುಡುವ ಬಿಸಿಲಿನಲ್ಲಿ, ಬರಿತಲೆಯಲ್ಲಿ, ನನ್ನ ಟೋಪಿಯ ಹಿಂದೆ ನಾನೇ ಮೆರವಣಿಗೆ ಹೋಗಬೇಕು. ಗಾಡಿಯ ಮುಂದಿನ ಸೀಟು ಈಗ ಖಾಲಿ. ಒಮ್ಮೆ ಹತ್ತಿ ಕೂತೆ. "ಅಲ್ಲಿ ಯಾರೂ ಕೂರಲ್ಲ," ಎಂದರು ಮಾವ. ಖಾಲಿ ಜಾಗಕ್ಕೂ ನನಗಿಂತ ಹೆಚ್ಚು ಮರ್ಯಾದೆ. ಹಿಂದೆ ಹೋಗಿ ಮೇವಿನ ಜೊತೆ ಕೂತೆ.

ಆದರೆ ಒಂದು ಸಂಗತಿ ಹೇಳದಿದ್ದರೆ ವರದಿ ಅಪೂರ್ಣವಾಗುತ್ತದೆ. ಹಬ್ಬದ ದಿನ ಮನೆಗೆ ಮರಳಿದಾಗ ಪಡಸಾಲೆಯ ಗೋಡೆಯಲ್ಲಿ ನಾಲ್ಕು ಗೂಟಗಳಿದ್ದವು. (ಬೆಳಗ್ಗೆ ಹೊರಡುವಾಗ ಆ ಗೋಡೆಯ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ.) ನಾಲ್ಕನೆಯದರ ಮರ ಇನ್ನೂ ಬೆಳ್ಳಗಿತ್ತು, ಆಗತಾನೆ ಕೆತ್ತಿದ ಪರಿಮಳವಿತ್ತು. ಕೆಳಗೆ ನೆಲದ ಮೇಲೆ ಸಿಪ್ಪೆ ಬಿದ್ದಿತ್ತು. ಮಾವ ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು, ಆ ಸೊಂಟದಲ್ಲಿ, ಆ ಕಣ್ಣಿನಲ್ಲಿ ತಾವೇ ಕೆತ್ತಿ ಬಡಿದದ್ದು. ನಾನು ಅದರ ಮುಂದೆ ನಿಂತೇ ಇದ್ದೆ. ಕೊನೆಗೆ ಅಡುಗೆಮನೆಯಿಂದ ನೀಲಿ ಕ್ಯಾಪು ತಂದು ಮೆಲ್ಲಗೆ ಅದಕ್ಕೆ ಸಿಕ್ಕಿಸಿದೆ.

ಮಾವ ಬಂದರು. ಕ್ಯಾಪು ತೆಗೆದು ಕುಕಾಳ ಕೈಗೆ ಕೊಟ್ಟರು, ಪಾತ್ರೆ ಬಟ್ಟೆಯ ಜಾಗ ತೋರಿಸಿದರು. ಗೂಟವನ್ನು ಕಿತ್ತುಹಾಕುತ್ತಾರೆಂದುಕೊಂಡೆ. ಕೀಳಲಿಲ್ಲ. ನನ್ನ ಅಂಗಿಯ ಜೇಬಿಗೆ ಕೈಹಾಕಿ, ಅಳತೆಯ ಪಟ್ಟಿಯನ್ನು ಹೊರಗೆಳೆದು, ಗೂಟಕ್ಕೆ ನೇತುಹಾಕಿದರು.

ಅದು ಈಗಲೂ ಅಲ್ಲೇ ಇದೆ. ಮನೆಗೆ ಬಂದವರು ಮೂರು ಗೂಟಗಳಿಗೆ ತಲೆ ಬಾಗಿಸಿ, ನಾಲ್ಕನೆಯದರ ಮುಂದೆ ತಬ್ಬಿಬ್ಬಾಗಿ ನಿಲ್ಲುತ್ತಾರೆ. ಇದೇನೆಂದು ಕೇಳಿದರೆ ಮಾವ ಮುಖದ ಒಂದು ಗೆರೆಯೂ ಅಲುಗದಂತೆ ಹೇಳುತ್ತಾರೆ:

"ಅದಾ? ನಮ್ಮ ಮೇಷ್ಟ್ರ ಟೋಪಿ."